ವಿಂಚೆಸ್ಟರ್‌ನಲ್ಲಿ ಬಿಷಪ್ಪನ ಕಾಲ ಬುಡದಲ್ಲಿ

ಲಂಡನ್ನಿನ ವಾಟರ್‌ಲೂನಿಂದ ವಿಂಚೆಸ್ಟರ್‌ಗೆ ರೈಲಿನಲ್ಲಿ ಒಂದು ಗಂಟೆ. ಇಳಿಯೋ ಹೊತ್ತಿಗೆ ಮಳೆ, ಕೊಡೆ ರೂಮಿನಲ್ಲೇ ಬಿಟ್ಟಿದ್ದೆ. ಒದ್ದೆ ಶೂನಲ್ಲೇ ಕೆಥೆಡ್ರಲ್, ಅಂದರೆ ಬಿಷಪ್ಪನ ದೊಡ್ಡ ಚರ್ಚಿನ ಒಳಗೆ ಹೋದೆ.

ನಾನು ಹುಡುಕಿಕೊಂಡು ಹೋಗಿದ್ದು ಇಲ್ಲಿನ ಹಳೆಯ ಬಿಷಪ್ ವಿಲಿಯಂ ಆಫ್ ವೈಕಮ್‌ನ ಸಮಾಧಿಯನ್ನು. 1324ರಲ್ಲಿ ಹ್ಯಾಂಪ್‌ಶೈರ್‌ನ ವಿಕಮ್ ಎಂಬ ಹಳ್ಳಿಯಲ್ಲಿ ಸಾಧಾರಣ ಮನೆಯಲ್ಲಿ ಹುಟ್ಟಿದವನು. ಮೇಲೆ ಬಂದದ್ದು ಪ್ರಾರ್ಥನೆಯಿಂದ ಅಲ್ಲ, ಕಟ್ಟಡದ ಕೆಲಸದಿಂದ. ಮೂರನೇ ಎಡ್ವರ್ಡ್ ವಿಂಡ್ಸರ್ ಕೋಟೆಯನ್ನು ಹೊಸದಾಗಿ ಕಟ್ಟಿಸುವಾಗ, 1356ರಿಂದ ಅದರ ಉಸ್ತುವಾರಿ ಇವನದು. ರಾಜ ಖುಷಿಯಾದ. ಸಂಬಳದ ಬದಲು ಚರ್ಚಿನ ಹುದ್ದೆಗಳು ಬಂದವು, ಒಂದಲ್ಲ, ಹಲವು. ಅವುಗಳ ಆದಾಯ ಇವನಿಗೆ, ಅಲ್ಲಿನ ಕೆಲಸ ಇನ್ಯಾರಿಗೋ. ಆಗ ಎಲ್ಲರೂ ಮಾಡುತ್ತಿದ್ದದ್ದೇ, ಆದರೆ ಇವನು ಸ್ವಲ್ಪ ಜಾಸ್ತಿ.

1367ರಲ್ಲಿ ಎರಡೂ ಒಟ್ಟಿಗೆ: ಇಂಗ್ಲೆಂಡಿನ ಅತಿ ಶ್ರೀಮಂತ ಧರ್ಮಪ್ರಾಂತ್ಯ ವಿಂಚೆಸ್ಟರ್‌ಗೆ ಬಿಷಪ್, ರಾಜನಿಗೆ ಚಾನ್ಸಲರ್. ಚಾನ್ಸಲರ್ ಅಂದರೆ ರಾಜಮುದ್ರೆ ಇವನ ಕೈಯಲ್ಲಿ. ಆ ಮೇಣದ ಮುದ್ರೆ ಬೀಳದೆ ರಾಜನ ದೊಡ್ಡ ಆಜ್ಞೆಗಳು ಹೊರಡುವಂತಿರಲಿಲ್ಲ. ಆದರೆ ಫ್ರಾನ್ಸ್ ಜೊತೆಗಿನ ಯುದ್ಧ ಕೈಕೊಟ್ಟಿತು. 1371ರಲ್ಲಿ ಪಾರ್ಲಿಮೆಂಟು ಪಾದ್ರಿಗಳು ಸಾಕು, ಪಾದ್ರಿಗಳಲ್ಲದವರಿಗೆ ಈ ಹುದ್ದೆ ಕೊಡಿ ಅಂತ ಪಟ್ಟು ಹಿಡಿಯಿತು. ವೈಕಮ್ ಇಳಿದ. 1376ರಲ್ಲಿ ರಾಜನ ಮಗ ಜಾನ್ ಆಫ್ ಗಾಂಟ್ ಜೊತೆ ಜಗಳ ಬಿದ್ದು ಆಸ್ತಿಯೂ ಹೋಯಿತು, ಅರಮನೆಯ ಇಪ್ಪತ್ತು ಮೈಲಿ ಒಳಗೆ ಬರಬೇಡ ಅಂತ ಅಪ್ಪಣೆಯಾಯಿತು. ಮರುವರ್ಷ ಹೊಸ ರಾಜ ಎರಡನೇ ರಿಚರ್ಡ್ ಕ್ಷಮಿಸಿದ. 1389ರಿಂದ 1391ರವರೆಗೆ ಅದೇ ಮುದ್ರೆ ಮತ್ತೆ ಇವನ ಕೈಗೆ. ಈಗಿನ ರಾಜಕಾರಣಿಗಳೂ ಇಷ್ಟು ಸಲೀಸಾಗಿ ವಾಪಸ್ ಬರುವುದಿಲ್ಲ, ಅಲ್ವಾ?

ಒಳಗೆ ನಿಂತು ತಲೆ ಎತ್ತಿ ನೋಡಿದರೆ ಮಾತ್ರ ಕೋಪ ಬರಲ್ಲ. ಹಳೆಯ ನಾರ್ಮನ್ ಕಾಲದ ದಪ್ಪ ಕಂಬಗಳನ್ನು ಎಲ್ಲ ಕಡೆ ಕೆಡವದೆ, ಇವನ ಮೇಸ್ತ್ರಿ ವಿಲಿಯಂ ವಿನ್‌ಫರ್ಡ್ ಹಲವು ಕಡೆ ಅದೇ ಕಲ್ಲನ್ನು ಕೆತ್ತಿ ಸಪೂರ ಮಾಡಿದ್ದಾನೆ. 1394ರ ನಂತರದ ಕೆಲಸ ಅದು, ಬಿಷಪ್ಪನಿಗೆ ಎಪ್ಪತ್ತು ದಾಟಿತ್ತು. ನಾನು ಒಂದೊಂದೇ ಕಂಬಕ್ಕೆ ಕೈ ಇಟ್ಟು ಹಳೆಯದು ಎಲ್ಲಿ, ಹೊಸದು ಎಲ್ಲಿ ಅಂತ ಹುಡುಕಿದೆ. ಗೊತ್ತೇ ಆಗಲಿಲ್ಲ.

ಸಮಾಧಿ ಎರಡು ಕಂಬಗಳ ನಡುವಿನ ಪುಟ್ಟ ಗುಡಿಯಂಥ ಕಲ್ಲಿನ ಮನೆಯಲ್ಲಿದೆ. ಬದುಕಿದ್ದಾಗಲೇ ಕಟ್ಟಿಸಿಕೊಂಡದ್ದು, 1404ರಲ್ಲಿ ಒಳಗೆ ಹೋದ. ಬಣ್ಣದ ಮೂರ್ತಿ ಅಂಗಾತ ಮಲಗಿದೆ, ಕಾಲ ಬಳಿ ಮೂರು ಪುಟಾಣಿ ಕಲ್ಲಿನ ಮನುಷ್ಯರು ಕೂತು ಪ್ರಾರ್ಥಿಸುತ್ತಿದ್ದಾರೆ. ಜಾಲರಿಗೆ ಮೂಗು ಒತ್ತಿ ಬಹಳ ಹೊತ್ತು ಅವರನ್ನೇ ನೋಡಿದೆ.

ಹೊರಬಂದು ಇವನೇ ಸ್ಥಾಪಿಸಿದ ವಿಂಚೆಸ್ಟರ್ ಕಾಲೇಜು ಎಂಬ ಶಾಲೆಯ ಕಡೆ ನಡೆದೆ. 1382ರ ಸನದು, ಎಪ್ಪತ್ತು ಬಡ ಹುಡುಗರಿಗೆ ಅಂತ. ಈಗಿನ ಫೀಸು ಕೇಳಿದರೆ ಬಡವರ ಮಾತು ಎತ್ತಲ್ಲ ಬಿಡಿ. ಧ್ಯೇಯವಾಕ್ಯ ಮಾತ್ರ ಇನ್ನೂ ವೈಕಮ್‌ನದೇ: ನಡತೆಯೇ ಮನುಷ್ಯನನ್ನು ಮಾಡುತ್ತದೆ. ಹತ್ತಾರು ಚರ್ಚುಗಳ ಆದಾಯ ಒಬ್ಬನೇ ಉಂಡವನ ಮಾತು ಅಂತ ನಗು ಬಂತು. ಗೇಟಿನ ಕೆಳಗೆ ಶೂ ಬಿಚ್ಚಿ ಸಾಕ್ಸ್ ಹಿಂಡಿಕೊಂಡೆ. ಕಾವಲುಗಾರ ನೋಡಿಯೂ ಏನೂ ಅನ್ನಲಿಲ್ಲ.