ಡಾಕ್ಟರ್ ಸಹಿ ಬೇಕು

ನಮೀಬಿಯಾದ ಫಿಶ್ ರಿವರ್ ಕಣಿವೆಯಲ್ಲಿ ನಡೆಯುವ ಪ್ಲಾನ್ ಹಾಕುತ್ತಿದ್ದೇವೆ. ಹೋಬಾಸ್ ಹತ್ತಿರ ಕೆಳಗಿಳಿದರೆ ಆಯ್-ಆಯ್ಸ್ ತನಕ ಸುಮಾರು 85 ಕಿಲೋಮೀಟರ್. ನಾಲ್ಕೈದು ದಿನದ ದಾರಿ. ಮಧ್ಯೆ ಅಂಗಡಿ ಇಲ್ಲ, ರೂಮೂ ಇಲ್ಲ. ಊಟ, ಹಾಸಿಗೆ ಎಲ್ಲ ಬೆನ್ನ ಮೇಲೇ.

ಮನಸ್ಸು ಬಂದಾಗ ಹೋಗೋಕಾಗಲ್ಲ. ಮೇ 1ರಿಂದ ಸೆಪ್ಟೆಂಬರ್ 15ರವರೆಗೆ ಮಾತ್ರ ಬಿಡುತ್ತಾರೆ. ಅಲ್ಲಿ ಆಗ ಚಳಿಗಾಲ. ಬೇಸಿಗೆಯಲ್ಲಿ ಕಣಿವೆಯ ತಳ ಕಾದ ಕಾವಲಿ, ಜೊತೆಗೆ ದಿಢೀರ್ ಪ್ರವಾಹದ ಭಯ. ಗುಂಪಿನಲ್ಲಿ ಕನಿಷ್ಠ ಮೂವರು ಇರಬೇಕು. ಸಾಲದ್ದಕ್ಕೆ ಡಾಕ್ಟರ್ ಸಹಿ ಹಾಕಿದ ಫಿಟ್‌ನೆಸ್ ಸರ್ಟಿಫಿಕೇಟ್ ಬೇರೆ! ಇದನ್ನು ಕೇಳಿದ ಮೇಲೆ ನನ್ನ ಗೆಳೆಯ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದಾನೆ.

ನನಗಂತೂ ಈ ನಿಯಮ ಸರಿ ಅನ್ನಿಸಿತು. ಇಳಿಯುವ ಜಾಗ ಎಷ್ಟು ಕಡಿದು ಅಂದ್ರೆ, ಹಿಡಿದುಕೊಳ್ಳೋಕೆ ಸರಪಳಿ ಹಾಕಿದ್ದಾರೆ. ತಳ ಮುಟ್ಟಿದ ಮೇಲೆ ಬರೀ ಮರಳು, ದುಂಡು ಬಂಡೆ. ಅಲ್ಲಿ ಕಾಲು ಉಳುಕಿದರೆ ಹೊತ್ತುಕೊಂಡು ಬರೋರು ಯಾರು?

ಈಗ ರಾತ್ರಿ ಹೊತ್ತು ಬ್ಯಾಗ್ ತೂಗೋದೇ ಕೆಲಸ. ದಿನಾ ಒಂದೊಂದು ಸಾಮಾನು ತೆಗೆದು ಪಕ್ಕಕ್ಕಿಡುತ್ತೇನೆ. ಯಾವುದೂ ಇಲ್ಲದಿದ್ರೂ ನಡೆಯುತ್ತೆ ಅನ್ನಿಸುತ್ತದೆ. ಹಾಗಾದ್ರೆ ಮನೆ ತುಂಬ ಇಷ್ಟೊಂದು ಯಾಕೆ ತುಂಬಿಕೊಂಡಿದ್ದೇವೋ! ಚಟ್ನಿಪುಡಿ ಡಬ್ಬಿ ಮಾತ್ರ ತೆಗೆಯಲ್ಲ, ಅದರ ಬಗ್ಗೆ ಚರ್ಚೆಯೇ ಇಲ್ಲ.

ಆಯ್-ಆಯ್ಸ್‌ನಲ್ಲಿ ಬಿಸಿನೀರಿನ ಬುಗ್ಗೆ ಇದೆ, ನಡೆದು ಸುಸ್ತಾದವರಿಗೆ ಇನ್ನೇನು ಬೇಕು ಅಲ್ವಾ? ಮೂರನೆಯವರು ಇನ್ನೂ ಸಿಕ್ಕಿಲ್ಲ. ಮಂಡಿ ಗಟ್ಟಿ ಇರೋರು, ಗೊರಕೆ ಕಮ್ಮಿ ಇರೋರು ಮೆಸೇಜ್ ಮಾಡಿ.