ಷರಿಯತ್ತಿಗೂ ಸರ್ಕಾರಿ ಆದೇಶಕ್ಕೂ ಏನು ಸಂಬಂಧ?

ನಾನು ಮುಂಬಯಿಯಲ್ಲಿ ವಕೀಲ. ಆಡಳಿತ ಕಾನೂನಿನ ಜೊತೆಗೆ ಇಸ್ಲಾಮೀ ನ್ಯಾಯಶಾಸ್ತ್ರವನ್ನೂ ಓದಿಕೊಂಡಿರುವುದರಿಂದ ಮಾಟುಂಗ, ಅಂಧೇರಿ ಕಡೆಯ ಕನ್ನಡ ಬಳಗದಲ್ಲಿ ಒಂದು ಪ್ರಶ್ನೆ ನನಗೆ ಮತ್ತೆ ಮತ್ತೆ ಎದುರಾಗುತ್ತದೆ: ಷರಿಯತ್ ಎಂದರೆ ಮದುವೆ, ತಲಾಖ್, ಆಸ್ತಿ ಪಾಲು ಇಷ್ಟೇ ಅಲ್ಲವೇ? ಸರ್ಕಾರಿ ಅಧಿಕಾರಿ ಹೇಗೆ ನಿರ್ಧಾರ ಕೈಗೊಳ್ಳಬೇಕೆಂಬುದಕ್ಕೂ ಅದಕ್ಕೂ ಏನು ಸಂಬಂಧ?

ಭಾರತದಲ್ಲಿ ಅನ್ವಯದ ಮಟ್ಟಿಗೆ ಸಂಬಂಧವಿಲ್ಲ. 1937ರ ಷರಿಯತ್ ಅನ್ವಯ ಕಾಯ್ದೆಯು ವಿವಾಹ, ಜೀವನಾಂಶ, ಉತ್ತರಾಧಿಕಾರ, ದಾನ, ವಕ್ಫ್ ಮುಂತಾದ ವಿಷಯಗಳಿಗೆ ಸೀಮಿತವಾಗಿದೆ. ಪರವಾನಗಿ, ಭೂಸ್ವಾಧೀನ, ನೇಮಕಾತಿ ಇವುಗಳಿಗೆಲ್ಲ ಸಂವಿಧಾನ ಮತ್ತು ಆಯಾ ಕಾಯ್ದೆಗಳೇ ಆಧಾರ, ಅರ್ಜಿದಾರನ ಧರ್ಮ ಯಾವುದೇ ಇರಲಿ. ಆದರೆ ವಿಚಾರದ ಮಟ್ಟಿಗೆ ಎರಡೂ ಬಹಳ ಹತ್ತಿರ ಬರುತ್ತವೆ, ಮತ್ತು ಅದು ನಮ್ಮವರಿಗೆ ತಿಳಿದಿರಬೇಕೆಂಬುದು ನನ್ನ ಆಸೆ.

ಆಳುವವನ ಅಧಿಕಾರವು ಪ್ರಜೆಗಳ ಹಿತಕ್ಕೆ ಬದ್ಧವಾದುದು ಎಂಬುದು ಇಸ್ಲಾಮೀ ನ್ಯಾಯಶಾಸ್ತ್ರದ ಹಳೆಯ ಸೂತ್ರ. 1869ರಿಂದ 1876ರ ನಡುವೆ ತುರ್ಕಿಯ ಆಟೋಮನ್ ಸರ್ಕಾರ ಸಿದ್ಧಪಡಿಸಿದ ಮಜಲ್ಲಾ ಎಂಬ ನಾಗರಿಕ ಕಾನೂನು ಸಂಹಿತೆಯಲ್ಲಿ ಅದು 58ನೆಯ ಕಲಮು. ಇದಕ್ಕಿಂತಲೂ ಕಣ್ಣಿಗೆ ಕಟ್ಟುವಂತಿರುವುದು ಹದೀಸಿನ, ಅಂದರೆ ಪ್ರವಾದಿ ಮುಹಮ್ಮದರ ನಡೆನುಡಿಗಳ ದಾಖಲೆಯ, ಒಂದು ಪ್ರಸಂಗ. ಝಕಾತ್ ಎಂಬ ಕಡ್ಡಾಯ ದಾನದ ವಸೂಲಿಗೆ ಹೋಗಿದ್ದ ಇಬ್ನುಲ್ ಲುತ್ಬಿಯ್ಯಾ ಎಂಬಾತ ಹಿಂತಿರುಗಿ, "ಇದು ನಿಮ್ಮದು, ಇದು ನನಗೆ ಬಂದ ಉಡುಗೊರೆ" ಎಂದು ತಂದದ್ದನ್ನು ಎರಡು ಪಾಲು ಮಾಡಿದ. ಪ್ರವಾದಿಯವರು ಪೀಠವೇರಿ, ಈತ ತನ್ನ ತಂದೆ ತಾಯಿಯ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಎಲ್ಲರೆದುರು ಕೇಳಿದರು. ದೀಪಾವಳಿಗೆ ಕಚೇರಿಗಳ ಮೆಟ್ಟಿಲೇರುವ ಡ್ರೈಫ್ರೂಟ್ ಪೆಟ್ಟಿಗೆಗಳನ್ನು ಪರೀಕ್ಷಿಸಲು ಇದಕ್ಕಿಂತ ನೇರವಾದ ಪ್ರಶ್ನೆ ಇನ್ನೊಂದಿಲ್ಲ.

ಯಮನ್‌ಗೆ ನ್ಯಾಯಾಧೀಶರಾಗಿ ಹೊರಟ ತಮ್ಮ ಅಳಿಯ ಅಲಿಯವರಿಗೆ ಪ್ರವಾದಿಯವರು ಕೊಟ್ಟ ಉಪದೇಶವೆಂದರೆ, ಎದುರಾಳಿಯ ಮಾತನ್ನೂ ಕೇಳುವ ತನಕ ಮೊದಲನೆಯವನ ಪರ ತೀರ್ಪು ಕೊಡಬಾರದೆಂಬುದು. ಪಾದಚಾರಿ ಮಾರ್ಗದಲ್ಲಿ ವಾಸವಾಗಿದ್ದ ಮುಂಬಯಿಯ ಬಡವರ ಪ್ರಕರಣದಲ್ಲಿ, ಅಂದರೆ 1985ರ ಓಲ್ಗಾ ಟೆಲ್ಲಿಸ್ ತೀರ್ಪಿನಲ್ಲಿ, ಸುಪ್ರೀಂ ಕೋರ್ಟು ಇದೇ ತತ್ವವನ್ನು ಎತ್ತಿಹಿಡಿಯಿತು. ಪಾಲಿಕೆ ಕಾಯ್ದೆಯ 314ನೆಯ ಕಲಮು ನೋಟಿಸಿಲ್ಲದೆ ತೆರವು ಮಾಡಲು ಅವಕಾಶ ಕೊಡುತ್ತದೆಯೇ ಹೊರತು ಹಾಗೆಯೇ ಮಾಡಬೇಕೆಂದು ಕಟ್ಟಪ್ಪಣೆ ಮಾಡುವುದಿಲ್ಲ, ಅಹವಾಲು ಕೇಳುವುದೇ ನಿಯಮ ಎಂದಿತು. ತೆರವನ್ನು ಅದು ಶಾಶ್ವತವಾಗಿ ತಡೆಯಲಿಲ್ಲ, ಮಳೆಗಾಲ ಮುಗಿಯುವವರೆಗೆ ಮುಂದೂಡಿತು ಎಂಬುದನ್ನೂ ಹೇಳಬೇಕು.

ನನಗೆ ಇನ್ನೂ ಮುಖ್ಯವೆನಿಸುವುದು ಅಂಧೇರಿಯ ಚಿತ್ರಮಂದಿರದ ಪ್ರಕರಣ. 1947ರಲ್ಲಿ ಗೋರ್ಧನದಾಸ್ ಭಾಂಜಿ ಎಂಬವರಿಗೆ ಅಲ್ಲಿ ಚಿತ್ರಮಂದಿರ ಕಟ್ಟಲು ಮುಂಬಯಿಯ ಪೊಲೀಸ್ ಆಯುಕ್ತರು ಅನುಮತಿ ಕೊಟ್ಟರು. ಎರಡೇ ತಿಂಗಳಲ್ಲಿ, ಅನುಮತಿ ರದ್ದಾಗಿದೆಯೆಂದು ನಿಮಗೆ ತಿಳಿಸಲು ಸರ್ಕಾರ ನಿರ್ದೇಶಿಸಿದೆ ಎಂಬ ಪತ್ರ ಅದೇ ಕಚೇರಿಯಿಂದ ಹೋಯಿತು. ಅದು ತನ್ನ ಸ್ವಂತ ನಿರ್ಧಾರವೇ ಆಗಿತ್ತೆಂದು ಆಯುಕ್ತರು ಆಮೇಲೆ ಪ್ರಮಾಣಪತ್ರ ಸಲ್ಲಿಸಿದರೂ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಸಾರ್ವಜನಿಕ ಆದೇಶವನ್ನು ಅದರಲ್ಲಿ ಬಳಸಿದ ಮಾತುಗಳಿಂದಲೇ ಅರ್ಥೈಸಬೇಕು, ಬರೆದವರು ಆಮೇಲೆ ಕೊಡುವ ವಿವರಣೆಯಿಂದಲ್ಲ ಎಂದು ನ್ಯಾಯಮೂರ್ತಿ ವಿವಿಯನ್ ಬೋಸ್ 1951ರಲ್ಲಿ ಬರೆದರು. ಕಾನೂನು ಯಾರಿಗೆ ವಿವೇಚನೆಯನ್ನು ಒಪ್ಪಿಸಿದೆಯೋ ಅವರೇ ಅದನ್ನು ಚಲಾಯಿಸಬೇಕು, ಮೇಲಿನವರ ಮಾತನ್ನು ಕೆಳಕ್ಕೆ ದಾಟಿಸಿದರೆ ಸಾಲದು. ಅಧಿಕಾರವೆಂಬುದು ನಂಬಿ ಒಪ್ಪಿಸಿದ ಹೊಣೆ ಎನ್ನುವ ಇಸ್ಲಾಮೀ ವಿಚಾರ ಹೇಳುವುದೂ ಇದನ್ನೇ.

ಹಾಗಾದರೆ ವ್ಯತ್ಯಾಸವೆಲ್ಲಿದೆ? ನನ್ನ ಅಭಿಪ್ರಾಯದಲ್ಲಿ ಅದು ತತ್ವಕ್ಕಿಂತ ಹೆಚ್ಚಾಗಿ ಪರಿಹಾರದಲ್ಲಿದೆ. 11ನೆಯ ಶತಮಾನದ ನ್ಯಾಯಶಾಸ್ತ್ರಜ್ಞ ಅಲ್ ಮಾವರ್ದಿ ವಿವರಿಸುವ ಮಝಾಲಿಮ್, ಅಂದರೆ ಅನ್ಯಾಯದ ದೂರುಗಳ, ನ್ಯಾಯಪೀಠವು ಅಧಿಕಾರಿಗಳ ದಬ್ಬಾಳಿಕೆಯನ್ನು ಯಾರೂ ದೂರು ಕೊಡದಿದ್ದರೂ ವಿಚಾರಿಸಬಹುದಿತ್ತು. ಆದರೆ ಅದರ ಬಲವೆಲ್ಲ ಅದನ್ನು ನಡೆಸುವ ಅಥವಾ ನೇಮಿಸುವ ದೊರೆಯ ಇಚ್ಛೆಯಿಂದ ಬರುತ್ತಿತ್ತು. ಸಂವಿಧಾನದ 226ನೆಯ ವಿಧಿಯಂತೆ ಹೈಕೋರ್ಟಿಗೆ ಹೋಗುವವನಿಗೆ ಯಾವ ಮಂತ್ರಿಯ ಕೃಪೆಯೂ ಬೇಕಿಲ್ಲ. ಮುಸ್ಲಿಮರೇ ಬಹುಸಂಖ್ಯಾತರಾದ ಇಂಡೋನೇಷ್ಯಾ ಕೂಡ ನಿಷ್ಪಕ್ಷಪಾತ, ಎಚ್ಚರ, ಪಾರದರ್ಶಕತೆ, ಅಧಿಕಾರ ದುರುಪಯೋಗ ಮಾಡದಿರುವುದು ಮೊದಲಾದ ತತ್ವಗಳನ್ನು 2014ರ ಸರ್ಕಾರಿ ಆಡಳಿತ ಕಾಯ್ದೆಯಲ್ಲೇ ಬರೆದಿಟ್ಟಿದೆ. ಧರ್ಮಬೋಧೆಯಾಗಿದ್ದ ಮಾತು ಕಾಯ್ದೆಯ ಕಲಮಾದಾಗಲೇ ನಾಗರಿಕನು ಅದನ್ನು ಹಿಡಿದು ವಾದಿಸಬಲ್ಲ.

ಉಡುಪಿ ಕಡೆಯಿಂದ ಬಂದು ಇಲ್ಲಿ ಸಣ್ಣ ಕ್ಯಾಂಟೀನ್ ನಡೆಸುವ ಹಿರಿಯರೊಬ್ಬರು ಈಚೆಗೆ ತಮ್ಮ ಪರವಾನಗಿ ಅರ್ಜಿಯನ್ನು ನನ್ನ ಮುಂದಿಟ್ಟರು. ಅದರ ಮೂಲೆಯಲ್ಲಿ 'ನಾಮಂಜೂರ್' ಎಂಬ ಒಂದೇ ಪದದ ಮರಾಠಿ ಷರಾ, ಕೆಳಗೆ ಸಹಿ. ಕಾರಣವಿರಲಿಲ್ಲ. ನಾನು ಅವರಿಗೆ ತೋರಿಸಿದ್ದು 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಕಲಮು: ಆಡಳಿತಾತ್ಮಕ ನಿರ್ಧಾರದ ಕಾರಣಗಳನ್ನು ಬಾಧಿತರಿಗೆ ಒದಗಿಸುವುದು ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯ. ಮೊದಲು ಕಾರಣವನ್ನು ಲಿಖಿತವಾಗಿ ಕೇಳಿ, ಅದು ಕೈಸೇರುವವರೆಗೆ ಸುಮ್ಮನೆ ಕೂರದೆ ಮೇಲ್ಮನವಿಯ ಗಡುವನ್ನೂ ನೋಡಿಕೊಳ್ಳಿ ಎಂದು ಹೇಳಿ, ಅರ್ಜಿಯನ್ನು ಅಲ್ಲೇ ಬರೆದುಕೊಟ್ಟೆ.