ಫೈಲು ಪಕ್ಕಕ್ಕಿಡಿ, ಮೆಟ್ಟಿಲಿನಿಂದ ಶುರು ಮಾಡಿ

ವಾಣಿಜ್ಯ ಕಟ್ಟಡ ಎಷ್ಟು ಸುರಕ್ಷಿತ ಎಂದು ನೋಡಲು ಹೋದವರ ಕೈಗೆ ಮೊದಲು ಬರುವುದು ಫೈಲು. ಅಗ್ನಿಶಾಮಕ ಇಲಾಖೆಯ ಎನ್‌ಒಸಿ, ಲಿಫ್ಟ್ ಲೈಸೆನ್ಸ್, ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಕಾಗದ ಎಲ್ಲವೂ ಅದರಲ್ಲಿರುತ್ತವೆ. ಅದನ್ನು ಕೊನೆಗೆ ಓದಿ. ಮೊದಲು ಟೆರೇಸಿಗೆ ಹೋಗಿ, ತುರ್ತು ಮೆಟ್ಟಿಲಲ್ಲಿ ರಸ್ತೆ ಮುಟ್ಟುವವರೆಗೂ ಇಳಿದು ಬನ್ನಿ.

ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು 9 ಜನ ಸತ್ತರು. ಮಹಡಿಯಿಂದ ಮಹಡಿಗೆ ಕೇಬಲ್ ಹೋಗುವ ವಿದ್ಯುತ್ ಡಕ್ಟ್‌ನ (ಶಾಫ್ಟ್) ಹೊಗೆ ಮೇಲಿನ ಮಹಡಿಗಳನ್ನು ತುಂಬಿಕೊಂಡಿತು. ಉಸಿರುಕಟ್ಟಿ ಕೆಲವರು ಕಿಟಕಿಯಿಂದ ಹಾರಿದರು. ಹಾಗಾಗಿ ಪ್ರತಿ ಮಹಡಿಯಲ್ಲೂ ಶಾಫ್ಟ್ ಬಾಗಿಲು ತೆಗೆಸಿ, ಟಾರ್ಚ್ ಬಿಟ್ಟು ನೋಡಿ. ಸ್ಲ್ಯಾಬ್ ಮಟ್ಟದಲ್ಲಿ ಕೇಬಲ್ ಸುತ್ತಲಿನ ಸಂದು ಮುಚ್ಚಿರಬೇಕು. ಕೆಳಗಿನ ಮಹಡಿಯ ಬೆಳಕು ಕಂಡರೆ ಹೊಗೆಗೂ ಅದೇ ದಾರಿ. ಇಂಟರ್‌ನೆಟ್ ಕೇಬಲ್ ಎಳೆಯಲು ಬಂದವರು ಒಡೆದು ಹಾಗೇ ಬಿಟ್ಟು ಹೋಗಿರುತ್ತಾರೆ. ಇನ್ನು ಕೆಲವೆಡೆ ಮಾಮೂಲಿ ಪಿಯು ಫೋಮ್ ತುಂಬಿರುತ್ತಾರೆ. ಅದೇ ಹೊತ್ತಿ ಉರಿಯುತ್ತದೆ. ಬೆಂಕಿ ತಡೆಯುವ ಫೈರ್‌ಸ್ಟಾಪ್ ಸೀಲೆಂಟೋ ಗಾರೆಯೋ ಅಲ್ಲಿರಬೇಕು.

ಮೆಟ್ಟಿಲಿನ ಫೈರ್ ಡೋರನ್ನು ಪೂರ್ತಿ ತೆಗೆದು ಕೈಬಿಡಿ. ತಾನಾಗಿ ಬಂದು ಲಾಕ್ ನಾಲಿಗೆ ಕೂತುಕೊಳ್ಳಬೇಕು. ನಾಲ್ಕು ಬೆರಳು ಸಂದು ಉಳಿಸಿ ನಿಂತರೆ ಡೋರ್ ಕ್ಲೋಸರಿನ ಸ್ಕ್ರೂ ಹೊಂದಿಸಬೇಕು, ಎಣ್ಣೆ ಸೋರಿದ್ದರೆ ಬದಲಿಸಬೇಕು. ಬಾಗಿಲ ಬುಡದಲ್ಲಿ ಇಟ್ಟಿಗೆಯೋ ಮರದ ತುಂಡೋ ಇದ್ದರೆ ದಿನವಿಡೀ ತೆರೆದೇ ಇಡುತ್ತಾರೆ ಎಂದರ್ಥ. ಕಳ್ಳತನದ ಭಯಕ್ಕೆ ಬೀಗ ಹಾಕಿದ್ದರಂತೂ ಪರಿಶೀಲನೆ ಅಲ್ಲೇ ನಿಲ್ಲಿಸಿ, ಬೀಗ ತೆಗೆಸಿಯೇ ಮುಂದಕ್ಕೆ ಹೋಗಿ.

ಈ ಬೀಗದ ಲೆಕ್ಕ ಹೀಗೆ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ ಕಚೇರಿಗೆ 10 ಚದರ ಮೀಟರಿಗೆ ಒಬ್ಬರು, ಮೆಟ್ಟಿಲಿನ ಅಗಲದಲ್ಲಿ ಒಬ್ಬರಿಗೆ 10 ಮಿಲಿಮೀಟರ್. 900 ಚದರ ಮೀಟರ್ ಮಹಡಿಗೆ 90 ಜನ. 1.5 ಮೀಟರ್ ಅಗಲದ ಮೆಟ್ಟಿಲು 150 ಜನರಿಗೆ ಸಾಕು. ಆದರೆ ಕುರ್ಚಿ ಎಣಿಸಿ ನೋಡಿ: ಕಾಲ್ ಸೆಂಟರ್ ಆಗಿದ್ದರೆ 200 ಸಿಗಬಹುದು. ಎರಡು ಮೆಟ್ಟಿಲಲ್ಲಿ ಒಂದಕ್ಕೆ ಬೀಗ ಬಿದ್ದರೆ 50 ಜನರಿಗೆ ದಾರಿಯೇ ಇಲ್ಲ. ನಕ್ಷೆಯ ಸಂಖ್ಯೆ ನಂಬದೆ ಕುರ್ಚಿ ಎಣಿಸುವುದು ಇದಕ್ಕೇ.

ನಂತರ ಪಂಪು. ಟೆರೇಸಿನ ಹೈಡ್ರಂಟ್ (ಬೆಂಕಿ ನಂದಿಸುವ ನೀರಿನ ಕವಾಟ) ತೆರೆಯಲು ಒಬ್ಬರು, ಪಂಪ್ ರೂಮಿನಲ್ಲಿ ಗೇಜ್ ನೋಡಲು ಒಬ್ಬರು ಬೇಕು. ಒತ್ತಡ ಇಳಿದಂತೆ ಮೊದಲು ಪೈಪಿನ ಒತ್ತಡ ಕಾಯುವ ಚಿಕ್ಕ ಜಾಕಿ ಪಂಪ್, ಆಮೇಲೆ ಮೇನ್ ಪಂಪ್ ತಾನಾಗಿ ಓಡಬೇಕು, ಮೇಲೆ 3.5 ಬಾರ್ ಸಿಗಬೇಕು. ಈಗ ಮೇನ್ ಪಂಪಿನ ಕರೆಂಟ್ ತೆಗೆಯಿರಿ, ಡೀಸೆಲ್ ಪಂಪ್ ಎತ್ತಿಕೊಳ್ಳಬೇಕು. ಸಾಮಾನ್ಯವಾಗಿ ಕೈಕೊಡುವುದು ಇಲ್ಲೇ: ಬ್ಯಾಟರಿ ಸತ್ತಿರುತ್ತದೆ, ಇಲ್ಲವೇ ಸ್ವಿಚ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಪೈಪಿನಲ್ಲಿ ಎಲ್ಲೋ ಸೋರಿಕೆಯಿದ್ದು ಪಂಪ್ ಪದೇ ಪದೇ ಶುರುವಾಗುತ್ತಿದ್ದರೆ, ಸೋರಿಕೆ ಹುಡುಕುವ ಬದಲು ಸ್ವಿಚ್ ತಿರುಗಿಸಿಬಿಡುತ್ತಾರೆ. ಮ್ಯಾನ್ಯುಯಲ್ ಕಂಡರೆ ಸೋರಿಕೆ ಹುಡುಕಿ.

ಸಿಒ₂ (ಇಂಗಾಲದ ಡೈಆಕ್ಸೈಡ್) ತುಂಬಿದ ಅಗ್ನಿನಂದಕಕ್ಕೆ ಗೇಜ್ ಇರುವುದಿಲ್ಲ, ತೂಗಬೇಕು. ಅನಿಲದಲ್ಲಿ 10% ಕಡಿಮೆಯಾಗಿದ್ದರೆ ಮತ್ತೆ ತುಂಬಿಸಬೇಕು. ಕರೆಂಟ್ ಸೋರಿದರೆ ಸಂಪರ್ಕ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರಷ್ಟೇ ಸಾಲದು, ಟೆಸ್ಟರ್ ಹಾಕಿ 300 ಮಿಲಿಸೆಕೆಂಡಿನೊಳಗೆ ಟ್ರಿಪ್ ಆಗುತ್ತದೆಯೇ ನೋಡಿ.

ಗಾಳಿಯ ಅಳತೆಯನ್ನು ಬೆಳಿಗ್ಗೆ ಖಾಲಿ ಕೋಣೆಯಲ್ಲಿ ಮಾಡಬೇಡಿ. ಮಧ್ಯಾಹ್ನ, ಮೀಟಿಂಗ್ ರೂಮ್ ತುಂಬಿರುವಾಗ ಇಂಗಾಲದ ಡೈಆಕ್ಸೈಡ್ 1000 ಪಿಪಿಎಂ ದಾಟಿದರೆ ಹೊರಗಿನ ಗಾಳಿ ಸಾಲುತ್ತಿಲ್ಲ. ಕರೆಂಟ್ ಬಿಲ್ ಉಳಿಸಲು ಹೊರಗಿನ ಗಾಳಿ ಒಳಬಿಡುವ ಫ್ರೆಶ್ ಏರ್ ಡ್ಯಾಂಪರ್ ಮುಚ್ಚಿರುವುದು ಸಾಮಾನ್ಯ. ಕುಡಿಯುವ ನೀರಿಗೆ ಕ್ಲೋರಿನ್ ಹಾಕುವ ಕಡೆ ಕೊನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕು.

ಈಗ ಫೈಲು ಬಿಡಿಸಿ. ಮೊದಲು ಪಂಪಿನ ಲಾಗ್‌ಬುಕ್. ವಾರಕ್ಕೊಮ್ಮೆ ಓಡಿಸಿದ್ದೇವೆ ಎಂದು ಸಹಿ ಇರುತ್ತದೆ. ಡೀಸೆಲ್ ಎಂಜಿನ್ ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಅವರ್ ಮೀಟರಿನ ರೀಡಿಂಗ್ ಜೊತೆ ಅದನ್ನು ತಾಳೆ ನೋಡಿ. ಮೂರು ತಿಂಗಳ ಹಿಂದಿನ ರೀಡಿಂಗೂ ನಿಮ್ಮ ಪರೀಕ್ಷೆಗೆ ಮುಂಚಿನ ರೀಡಿಂಗೂ ಒಂದೇ ಆಗಿದ್ದರೆ ಪಂಪನ್ನು ಯಾರೂ ಓಡಿಸಿಲ್ಲ. ಅದೇ ಕೈ ಸಹಿ ಹಾಕಿದ ಉಳಿದ ದಾಖಲೆಗಳನ್ನೂ ಒಂದೊಂದಾಗಿ ಮತ್ತೆ ಪರೀಕ್ಷಿಸಬೇಕಾಗುತ್ತದೆ.